ಗ್ರಾಫು ನುಂಗಿದ ರಾತ್ರಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನನ್ನ ಮೊದಲ ಮಾತು: ಸೆನ್ಸರ್ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮುಂಚೆ ಅದನ್ನು ಒಂದೆರಡು ಸಲ ತಟ್ಟಿ. ಒಳಗೆ ಹಲ್ಲಿ ಇದ್ದೇ ಇರುತ್ತದೆ. ಟ್ರೈನಿಂಗಿನಲ್ಲಿ ನಿಮಗೆ ವೋಲ್ಟೇಜು, ಸರ್ಕೀಟು, ಮೈಕ್ರೋಕಂಟ್ರೋಲರು ಎಲ್ಲಾ ಹೇಳಿರುತ್ತಾರೆ. ಹಲ್ಲಿಯ ವಿಷಯ ಯಾರೂ ಹೇಳಿರುವುದಿಲ್ಲ. ಅದು ಮೈಮೇಲೆ ಬಿದ್ದಾಗ ನೀವು ಏಣಿಯ ತುದಿಯಲ್ಲಿರುತ್ತೀರಿ, ಕೆಳಗೆ ಮ್ಯಾನೇಜರ್ ಸಾಹೇಬರು ನಿಂತಿರುತ್ತಾರೆ. ಆಮೇಲೆ ನಿಮ್ಮ ಬಾಯಿಂದ ಬರುವ ಮಾತು ನಿಮ್ಮ ನೌಕರಿಗೆ ಒಳ್ಳೆಯದಲ್ಲ.

ನಾನು ಮೆಹಬೂಬ್, ಕೂಡ್ಲಿಗಿಯವನು. ಹಳ್ಳಿಗಳ ಕಡೆ ಎಲ್ಲರೂ ಮಾಬುಸಾಬ್ ಅನ್ನುತ್ತಾರೆ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ ಉಪಕರಣಗಳ ರಿಪೇರಿಗೆ ಸೇರಿದೆ, ಅಲ್ಲೇ ನಿವೃತ್ತನಾದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರುಗಳ ಸುತ್ತಿನ ಹಳ್ಳಿಗಳಲ್ಲಿ ಹಾಲು ತಣ್ಣಗಿಡುವ ಸ್ಟೀಲ್ ಟ್ಯಾಂಕುಗಳಿದ್ದವು. ಅವುಗಳ ಉಷ್ಣತೆ ಅಳೆಯುವ ಯಂತ್ರಗಳು ನನ್ನ ಪಾಲಿಗೆ ಬಂದಿದ್ದವು. ಬಡ್ತಿ ಎಷ್ಟು ಸಿಕ್ಕಿತು ಎಂದು ಕೇಳಬೇಡಿ. ಸಿಕ್ಕಿದ್ದರೆ ಇದನ್ನು ಬರೆಯುತ್ತಾ ಕೂರುತ್ತಿರಲಿಲ್ಲ, ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿಸುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಮ್ಮದು ದುಂಡು ಕಾಗದದ ಕಾಲ. ರೊಟ್ಟಿಯಷ್ಟು ಅಗಲದ ಕಾಗದ, ಅದನ್ನು ತಿರುಗಿಸಲು ಕೀಲಿ ಕೊಡುವ ಗಡಿಯಾರ, ಮೇಲೆ ಇಂಕಿನ ಮುಳ್ಳು. ಮುಳ್ಳು ಗೆರೆ ಎಳೆಯುತ್ತಾ ಹೋಗುತ್ತಿತ್ತು. ಹಡಗಲಿ ಕಡೆಯ ಒಬ್ಬ ಪುಣ್ಯಾತ್ಮ ಇಂಕು ಮುಗಿಯಿತೆಂದು ಕುಂಕುಮ ಕಲಸಿ ತುಂಬಿದ್ದ. ಕಾಗದ ತೆಗೆದು ನೋಡಿದರೆ ವಾರದ ಉಷ್ಣತೆಯೆಲ್ಲ ಕೆಂಪು ಕಲೆ. “ಇದೇನೋ ಮಾರಾಯ?” ಅಂದೆ. “ಇಂಕು ತರಾಕ ಹೋಗಬೇಕಂದ್ರ ಹೊಸಪೇಟಿಗೆ ಹೋಗಬೇಕು ಸಾಬ್ರ, ಕುಂಕುಮ ದೇವರ ಮನ್ಯಾಗ ಇತ್ತು,” ಅಂದ. ಗೆರೆ ಬಂದಿಲ್ಲ ಎಂದು ಬರೆದುಕೊಂಡು, ಅವನ ಮನೆಯಲ್ಲಿ ಚಹಾ ಕುಡಿದು ಬಂದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಕಾಗದ ಹೋಯಿತು, ಕರಿ ಪೆಟ್ಟಿಗೆ ಬಂತು. ಒಳಗೊಂದು ಮೈಕ್ರೋಕಂಟ್ರೋಲರ್ ಅನ್ನುವ ಪುಟ್ಟ ಕಂಪ್ಯೂಟರ್, ಒಂದು ಗಡಿಯಾರದ ಚಿಪ್ಪು, ಟ್ಯಾಂಕಿಗೆ ಇಳಿಬಿಟ್ಟ ಒಂದು ಸೆನ್ಸರು. ಹತ್ತು ನಿಮಿಷಕ್ಕೊಮ್ಮೆ ತಾರೀಖು, ಸಮಯ, ಉಷ್ಣತೆ ಮೂರನ್ನೂ ಅದು ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ನಾನು ಊರೂರಿಗೆ ಹೋಗಿ ಕೇಬಲ್ ಚುಚ್ಚಿ ಅದನ್ನೆಲ್ಲ ಇಳಿಸಿಕೊಂಡು, ಹಗರಿಬೊಮ್ಮನಹಳ್ಳಿಯ ಆಫೀಸಿನ ಕಂಪ್ಯೂಟರಿಗೆ ಹಾಕಿದರೆ ಗ್ರಾಫು ಬರುತ್ತಿತ್ತು.

ಪೆಟ್ಟಿಗೆ ಬಂದ ಹೊಸದರಲ್ಲಿ ಕೊಟ್ಟೂರು ಹತ್ತಿರದ ಒಂದು ಟ್ಯಾಂಕಿನ ಗ್ರಾಫಿನಲ್ಲಿ ತಿಂಗಳಿಗೊಂದು ಕೊಂಬು ಮೂಡುತ್ತಿತ್ತು. ಎಲ್ಲ ದಿನ ಗೆರೆ ಸಪಾಟು; ಒಂದು ದಿನ ಮಾತ್ರ ಇದ್ದಕ್ಕಿದ್ದಂತೆ ಆಕಾಶಕ್ಕೆ ಏರಿ ಕೆಳಗಿಳಿಯುತ್ತಿತ್ತು. ಹೆಡ್ ಆಫೀಸಿನವರು ಸೆನ್ಸರ್ ಬದಲಿಸಿ ಅಂದರು, ಬದಲಿಸಿದೆ. ಕೇಬಲ್ ಬದಲಿಸಿ ಅಂದರು, ಬದಲಿಸಿದೆ. ಕೊಂಬು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪೆಟ್ಟಿಗೆ ಬರೆದಿಟ್ಟ ತಾರೀಖುಗಳನ್ನು ಕ್ಯಾಲೆಂಡರಿಗೆ ಹೊಂದಿಸಿ ನೋಡಿದರೆ ಎಲ್ಲವೂ ಅಮಾವಾಸ್ಯೆ! ಮುಂದಿನ ಅಮಾವಾಸ್ಯೆಗೆ ನಾನೇ ಹೋಗಿ ನಿಂತೆ. ಅಲ್ಲಿನ ಆಪರೇಟರ್ ಮೋಟಾರಿಗೆ, ಪ್ಯಾನೆಲ್ಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಸೆನ್ಸರನ್ನು ಟ್ಯಾಂಕಿನಿಂದ ಮೇಲೆತ್ತಿ ಒರೆಸಿ, ಅದರ ಮೂಗಿನ ಕೆಳಗೇ ಕರ್ಪೂರದ ಆರತಿ ಹಿಡಿದ. ಭಕ್ತಿಯಿಂದ, ನಿಧಾನವಾಗಿ.

“ಅದಕ್ಕೂ ಬೇಕೇನಪ್ಪಾ ಆರತಿ?” ಅಂದೆ.

“ಎಲ್ಲಾ ಮೆಷಿನ್ನಿಗೂ ಮಾಡಿ ಇದನ್ನ ಬಿಟ್ರ ಇದಕ್ಕ ಸಿಟ್ಟು ಬರಂಗಿಲ್ಲೇನ್ರಿ?”

ನಾನು ಸೆನ್ಸರಿನ ಬದಲು ಅದರ ಪೆಟ್ಟಿಗೆಗೆ ಆರತಿ ಎತ್ತುವಂತೆ ರಾಜಿ ಮಾಡಿಸಿ ಬಂದೆ. ಪ್ರಸಾದದ ಕಾಯಿ ಚೂರು ನನಗೂ ಸಿಕ್ಕಿತು.

ಇದೆಲ್ಲ ನಗುವ ಮಾತಾಯಿತು. ಇನ್ನೊಂದು ಸಲ ಗ್ರಾಫಿನ ದೆಸೆಯಿಂದ ಒಬ್ಬ ಹೆಂಗಸಿನ ಮಾನ ಹೋಗುವುದರಲ್ಲಿತ್ತು. ನೀವು ಮುಂದೆ ಎಷ್ಟೋ ಗ್ರಾಫು ಎಳೆಯುವವರು, ಅದಕ್ಕೇ ಅದನ್ನು ಬಿಡಿಸಿ ಹೇಳುತ್ತೇನೆ.

ಉಚ್ಚಂಗಿದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಟ್ಯಾಂಕು ನೋಡಿಕೊಳ್ಳುತ್ತಿದ್ದವಳು ಉಚ್ಚೆಂಗಮ್ಮ. ಹಾಲು ಅಳೆಯುವುದು, ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರ್ ಬಿಟ್ಟು ನೋಡುವುದು, ಮೋಟಾರ್ ಹಾಕುವುದು ಎಲ್ಲ ಆಕೆಯದೇ. ಬಾಯಿ ಜೋರು. ನೀರು ಬೆರೆತ ಹಾಲು ತಂದವರಿಗೆ ಕ್ಯಾನಿನ ಜೊತೆಗೆ ನಾಲ್ಕು ಮಾತನ್ನೂ ಕಟ್ಟಿ ಕಳಿಸುತ್ತಿದ್ದಳು. ಹೀಗಾಗಿ ಆಕೆಯನ್ನು ಕಂಡರೆ ಆಗದವರೂ ಊರಿನಲ್ಲಿದ್ದರು.

ಒಂದು ದಿನ ಬೆಳಿಗ್ಗೆ ಟ್ಯಾಂಕರ್ ಬಂದಾಗ ಹಾಲು ಹುಳಿಯಾಗಿತ್ತು. ಟ್ಯಾಂಕರಿನವನು ಮೂಸಿ ನೋಡಿ ಹಾಗೇ ಹೊರಟುಹೋದ. ಹಾಲನ್ನು ಚರಂಡಿಗೆ ಬಿಟ್ಟರು, ಪರೀಕ್ಷೆ ಮಾಡಲು ಒಂದು ಲೋಟವನ್ನೂ ಯಾರೂ ಉಳಿಸಲಿಲ್ಲ. ಆ ಹಾಲಿಗೆ ಕಂಪನಿ ಬಟವಾಡೆ ಕೊಡುವುದಿಲ್ಲ ಅಂದಿತು. ಊರಿಗೆ ಸಿಟ್ಟು ಬಂತು. ಸಿಟ್ಟಿಗೆ ಒಬ್ಬ ಮನುಷ್ಯ ಬೇಕಲ್ಲ?

ಕೆಲವು ವಾರ ಬಿಟ್ಟು ಆ ಊರಿನ ಸರದಿ ಬಂದಾಗ ನಾನು ಹೋಗಿ ಪೆಟ್ಟಿಗೆಯ ಲೆಕ್ಕ ಇಳಿಸಿಕೊಂಡು ಬಂದೆ. ಗ್ರಾಫು ತೆಗೆದು ಏರಿಯಾ ಮ್ಯಾನೇಜರ್ ಬಸವನಗೌಡರ ಮೇಜಿನ ಮೇಲಿಟ್ಟೆ. ಗೌಡರು ಕೆಟ್ಟವರಲ್ಲ. ಆದರೆ ಕಂಪ್ಯೂಟರಿನಿಂದ ಬಂದ ಕಾಗದ ಅಂದರೆ ದೇವರ ಅಪ್ಪಣೆ ಎಂದು ತಿಳಿದವರು. ಗ್ರಾಫಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು, ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹಳ್ಳಿಗೆ ಹೊರಟರು. ಡೈರಿಯ ಮುಂದೆ ಊರ ಜನ ಸೇರಿದರು.

“ನೋಡ್ರಿ, ಇಲ್ಲಿ ಹಾಲು ತಣ್ಣಗ ಐತಿ. ಮುಂದಿನ ಚುಕ್ಕಿಗೇ ಬೆಚ್ಚಗ ಆಗೈತಿ,” ಅಂದರು ಗೌಡರು. “ಹತ್ತು ನಿಮಿಷಕ್ಕೊಂದು ಚುಕ್ಕಿ. ಹತ್ತು ನಿಮಿಷದಾಗ ಟ್ಯಾಂಕ್ ಹಾಲು ಹಿಂಗ ಬೆಚ್ಚಗಾಗಬೇಕಂದ್ರ ತಣ್ಣನ ಹಾಲು ತೆಗದು ಬಿಸಲಾಗಿನ ನೀರು ಸುರಿದಾರ. ಬ್ಯಾರೆ ಏನೂ ಇಲ್ಲ.”

“ಕರೆಂಟ್ ಹೋಗಿತ್ತುರೀ ಸಾಹೇಬ್ರ!” ಉಚ್ಚೆಂಗಮ್ಮ ಎದ್ದು ನಿಂತಳು. “ಮಧ್ಯಾಹ್ನ ಹೋಗಿದ್ದು ಮರುದಿನ ಬೆಳಗಾಗೋತನ ಬರಲಿಲ್ಲ. ನೀರು ಹಾಕೋ ಮನಸಿದ್ರ ನಿಮ್ಮ ಪೆಟ್ಟಿಗಿಗೆ ಹಾಕ್ತಿದ್ದೆ, ಹಾಲಿಗಲ್ಲ!”

“ಕರೆಂಟ್ ಹೋಗಿದ್ರ ಗೆರಿ ತುಂಡಾಗಬೇಕಿತ್ತಲ್ಲವಾ. ಎಲ್ಲೈತಿ ತುಂಡು? ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ.”

ಗೌಡರು ಜನರನ್ನೂ ಕೇಳಿದರು: ಆವತ್ತು ಕರೆಂಟ್ ಹೋಗಿತ್ತೇ? “ನಮ್ಮೂರಾಗ ಕರೆಂಟ್ ಹೋಗದ ದಿನ ಯಾವ್ದೈತ್ರಿ? ಯಾವತ್ತು ಎಷ್ಟೊತ್ತು ಹೋಗಿತ್ತು ಅಂತ ಯಾವನಿಗೆ ನೆನಪಿರತೈತಿ?” ಅಂದ ಒಬ್ಬ. ಅದೂ ನಿಜವೇ. ಅಷ್ಟರಲ್ಲಿ ದೊಡ್ಡ ರುಮಾಲಿನ ಹಿರಿಯರೊಬ್ಬರು ಎದ್ದು ಗಂಟಲು ಹರಿಯುವಂತೆ ಕೂಗಿದರು: “ನಾವು ತಂದ ಹಾಲಿಗೆ ನೀರೈತಿ ಅಂತ ದಿನಾ ಎಲ್ಲರ ಮುಂದ ಬೈತಿದ್ಲು. ಈಗ ನೋಡ್ರಿ ಇಕಿ ಬಾಳೇವು! ಕೀಲಿ ಕಿತ್ಕೊಳ್ರಿ ಮೊದ್ಲು!” ಜನ ಹೌದು ಹೌದು ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು.

ಗೌಡರು ಕೀಲಿ ಈಸಿಕೊಂಡರು. ಜೀಪು ಹತ್ತುವಾಗ ಉಚ್ಚೆಂಗಮ್ಮ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

“ಮಾಬುಸಾಬ್ರ, ನೌಕರಿ ಹೋದ್ರ ಕೂಲಿಗೆ ಹೋಗ್ತೀನಿ. ಆದ್ರ ಈ ಹೆಸರು ಹೊತ್ಕಂಡು ಈ ಊರಾಗ ಹೆಂಗಿರಲಿ? ಸಂತಿಗೆ ಹೋದ್ರೂ ‘ನೀರಿನ ಉಚ್ಚೆಂಗಮ್ಮ’ ಅಂತಾರ. ನಾ ಸತ್ತ ಮ್ಯಾಗೂ ನನ್ನ ಮಗಳಿಗೆ ಅಂತಾರ.”

ಆಕೆ ಹೇಳಿದ್ದು ಸುಳ್ಳು ಅನ್ನಿಸಲಿಲ್ಲ. ಗ್ರಾಫೂ ಕಣ್ಣ ಮುಂದಿತ್ತು. ಅಂದು ದಾರಿಯುದ್ದಕ್ಕೂ ಗೌಡರು ಮಾತಾಡಿದರು, ನಾನು ಹೂಂ ಹೂಂ ಅನ್ನುತ್ತಾ ಬಂದೆ.

ಮರುದಿನ ಆಫೀಸಿಗೆ ಹೋದವನೇ ಗ್ರಾಫು ಬಿಟ್ಟು, ಅದರ ಹಿಂದಿನ ಅಂಕಿಗಳನ್ನೇ ತೆರೆದೆ. ಹುಡುಗರೇ, ಇದೊಂದನ್ನು ನೆನಪಿಡಿ. ಗ್ರಾಫಿನ ಮೇಲೆ ಅನುಮಾನ ಬಂದರೆ ಗ್ರಾಫನ್ನೇ ದಿಟ್ಟಿಸುತ್ತಾ ಕೂರಬೇಡಿ, ಅಂಕಿಗಳ ಹತ್ತಿರ ಹೋಗಿ. ಅಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು: ಮಧ್ಯಾಹ್ನದ ಒಂದು ಸಾಲು, ಅದರ ಕೆಳಗಿನ ಸಾಲೇ ಮರುದಿನ ಬೆಳಿಗ್ಗೆಯದು! ನಡುವೆ ಒಂದು ಸಂಜೆ, ಒಂದು ಇಡೀ ರಾತ್ರಿ ಇರಲೇ ಇಲ್ಲ. ಕರೆಂಟ್ ಇಲ್ಲದಾಗ ಪೆಟ್ಟಿಗೆಯೂ ಸತ್ತಿರುತ್ತದೆ, ಏನನ್ನೂ ಬರೆದುಕೊಳ್ಳುವುದಿಲ್ಲ. ಗಡಿಯಾರದ ಚಿಪ್ಪು ಮಾತ್ರ ತನ್ನ ಸಣ್ಣ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ. ಹಾಗಿದ್ದರೆ ಆ ರಾತ್ರಿಯನ್ನು ಗ್ರಾಫು ಎಲ್ಲಿ ನುಂಗಿತು?

ಕಾಗದವನ್ನು ಕಣ್ಣ ಹತ್ತಿರ ಹಿಡಿದೆ. ಸಮಯ ಬರೆಯಬೇಕಾದ ಕೆಳಗಿನ ಅಂಚಿನಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕರಿ ಪಟ್ಟಿಯಾಗಿದ್ದವು. ಇಷ್ಟು ದಿನ ಅದನ್ನು ನಾವೆಲ್ಲ ಗ್ರಾಫಿನ ಚೌಕಟ್ಟು ಅಂದುಕೊಂಡಿದ್ದೆವು. ತಕ್ಷಣ ಹೆಡ್ ಆಫೀಸಿಗೆ ಫೋನ್ ಹಚ್ಚಿದೆ. ಪ್ರೋಗ್ರಾಂ ಬರೆದವನು ಪ್ರಸನ್ನ, ಮೈಸೂರು ಕಡೆಯ ಹುಡುಗ, ಬುದ್ಧಿವಂತ.

“ಪ್ರಸನ್ನ, ಗ್ರಾಫಿಗೆ ಸಮಯ ಹೆಂಗ ಕೊಟ್ಟೀ?”

“ಮೊದ್ಲು ಸಮಯವಾಗೇ ಕೊಟ್ಟಿದ್ದೆ ಸಾರ್. ಆ ಥರದ್ದನ್ನ ತಗೊಳ್ಳೋ ಓವರ್‌ಲೋಡ್ ಇಲ್ಲ ಅಂತ ಎರರ್ ಬಂತು. ಅಕ್ಷರ ಮಾಡಿ ಕೊಟ್ಟೆ, ಸರಿಹೋಯ್ತು.”

“ಸರಿಹೋಗಲಿಲ್ಲಪ್ಪಾ, ಕಂಪ್ಯೂಟರ್ ಬಾಯಿ ಮುಚ್ಚಿಕೊಂತು ಅಷ್ಟ!” ಅಂದೆ.

ಇದನ್ನು ನಿಮಗೆ ಕೊಟ್ಟೂರಿನ ಲೆಕ್ಕದಲ್ಲಿ ಹೇಳಿದರೆ ತಿಳಿಯುತ್ತದೆ. ಕೊಟ್ಟೂರಿನ ಬಜಾರಿನಲ್ಲಿ ನಿಂತು “ಕೊಟ್ರೇಶಿ” ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ನಿಮ್ಮ ಕೈಯಲ್ಲಿ ಪಂಕ್ಚರಾದ ಸೈಕಲ್ಲಿದ್ದರೆ ಸೈಕಲ್ ಶಾಪಿನ ಕೊಟ್ರೇಶಿ ಬರುತ್ತಾನೆ, ಬಟ್ಟೆಯಿದ್ದರೆ ಟೈಲರ್ ಕೊಟ್ರೇಶಿ. ಹೆಸರು ಒಂದೇ, ಕೈಯಲ್ಲಿರುವುದನ್ನು ನೋಡಿ ಯಾರು ಬರಬೇಕೆಂಬುದು ತೀರ್ಮಾನವಾಗುತ್ತದೆ. ಫಂಕ್ಷನ್ ಓವರ್‌ಲೋಡ್ ಅಂದರೆ ಇಷ್ಟೇ. ಪ್ರೋಗ್ರಾಮಿನಲ್ಲಿ ಗ್ರಾಫು ಎಳೆಯುವ ತುಂಡಿಗೆ, ಅಂದರೆ ಫಂಕ್ಷನ್ನಿಗೂ, ಒಂದೇ ಹೆಸರಿನ ಹಲವು ರೂಪಗಳಿದ್ದವು. ಅಂಕಿಗಳನ್ನು ಕೊಟ್ಟರೆ ಒಂದು ಬಂದು ಅಳತೆ ಪ್ರಕಾರ ದೂರ ಬಿಟ್ಟು ಚುಕ್ಕಿ ಇಡುತ್ತಿತ್ತು. ಅಕ್ಷರ ಕೊಟ್ಟರೆ ಇನ್ನೊಂದು ಬಂದು, ಅವನ್ನು ಬರೀ ಹೆಸರುಗಳೆಂದು ತಿಳಿದು, ಎಲ್ಲವನ್ನೂ ಸಮ ದೂರದಲ್ಲಿ ಸಾಲಾಗಿ ಕೂರಿಸುತ್ತಿತ್ತು. ಅದಕ್ಕೆ ಹತ್ತು ನಿಮಿಷವೂ ಒಂದೇ, ಹತ್ತು ತಿಂಗಳೂ ಒಂದೇ. ಪ್ರಸನ್ನ ಸಮಯವನ್ನು ಅಕ್ಷರ ಮಾಡಿದ್ದರಿಂದ ಈ ಎರಡನೆಯದು ಬಂದು ಕೂತಿತ್ತು. ಮಧ್ಯಾಹ್ನದ ಪಕ್ಕಕ್ಕೇ ಮರುದಿನದ ಬೆಳಗು ಅಂಟಿಕೊಂಡಿತ್ತು.

ಗೊತ್ತಾಯಿತು, ಸರಿ. ರಿಪೇರಿ ಆಗಬೇಕಲ್ಲ? ಪ್ರೋಗ್ರಾಂನಲ್ಲಿ ಎಲ್ಲಿ ತಿದ್ದಬೇಕೆಂದು ಪ್ರಸನ್ನನನ್ನು ಫೋನಿನಲ್ಲೇ ಕೇಳಿಕೊಂಡು ನಾನೇ ಕೂತೆ. ಸಮಯವನ್ನು ಪೂರ್ಣಾಂಕ ಮಾಡಿ ಕೊಟ್ಟೆ, ಉಷ್ಣತೆಯನ್ನು ಇದ್ದ ಹಾಗೇ ಬಿಟ್ಟೆ. ಮೂರನೆಯ ಒಂದು ಓವರ್‌ಲೋಡ್ ಎಲ್ಲಿತ್ತೋ ಏನೋ, ಓಡಿ ಬಂದು ಸಮಯವನ್ನೇ ಉಷ್ಣತೆ ಅಂದುಕೊಂಡು ಗೆರೆ ಎಳೆಯಿತು. ಉಚ್ಚಂಗಿ ಗುಡ್ಡವೇ ಪರದೆಯ ಮೇಲೆ ಎದ್ದಿತು. ಇನ್ನೊಂದು ಥರ ಕೊಟ್ಟರೆ ಯಾವ ಓವರ್‌ಲೋಡ್ ಕರೆಯಲಿ ನನಗೇ ತಿಳಿಯುತ್ತಿಲ್ಲ ಎಂದು ಕಂಪ್ಯೂಟರ್ ಕೈ ಚೆಲ್ಲಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಒಂದಿಡೀ ದಿನ ಹೋಯಿತು. ಕೊನೆಗೆ ಮೊದಲ ಅಳತೆಯಿಂದ ಎಷ್ಟು ನಿಮಿಷ ಕಳೆಯಿತು ಎಂದು ಲೆಕ್ಕ ಹಾಕಿ, ಅದನ್ನೂ ಉಷ್ಣತೆಯನ್ನೂ ಎರಡನ್ನೂ ದಶಮಾಂಶದ ಅಂಕಿಗಳಾಗಿ ಒಂದೇ ಜಾತಿಗೆ ತಂದು ಕೊಟ್ಟೆ. ಸರಿಯಾದ ಕೊಟ್ರೇಶಿ ಬಂದ! ಅಳತೆ ಇಲ್ಲದ ಹೊತ್ತಿನಲ್ಲಿ ಗೆರೆ ಕೂಡಿಸಬೇಡ ಎಂದೂ ಹೇಳಿದೆ. ಪರದೆಯ ಮೇಲೆ ತಣ್ಣನೆಯ ಹಾಲಿನ ಗೆರೆ ಮಧ್ಯಾಹ್ನಕ್ಕೆ ನಿಂತಿತು. ಆಮೇಲೆ ಅಗಲವಾದ ಖಾಲಿ. ಮರುದಿನ ಬೆಳಿಗ್ಗೆ ಬೆಚ್ಚಗಿನ ಹಾಲಿನಿಂದ ಗೆರೆ ಮತ್ತೆ ಶುರು. ಖುಷಿಗೆ ಒಬ್ಬನೇ ಮೇಜು ಗುದ್ದಿದೆ.

ಗೌಡರಿಗೆ ತೋರಿಸಿದರೆ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

“ಹಳೇ ಗ್ರಾಫು ಚಂದಿತ್ತಲ್ಲೋ ಮಾಬು.”

“ಚಂದಿತ್ತು ಸಾರ್, ಖರೇ ಇರಲಿಲ್ಲ.”

“ಹೋಗ್ಲಿ ಬಿಡು. ಕೀಲಿ ಕಳಿಸಿಕೊಟ್ಟು, ಕೆಲಸಕ್ಕ ಬಾ ಅಂತ ಹೇಳಿ ಕಳಿಸು.”

ಹೇಳಿ ಕಳಿಸಿದೆ. ಉಚ್ಚೆಂಗಮ್ಮನಿಂದ ಕೀಲಿ ಹಾಗೇ ವಾಪಸ್ ಬಂತು, ಜೊತೆಗೊಂದು ಮಾತು: “ಎಲ್ಲರ ಮುಂದ ಕಳ್ಳಿ ಅಂದು, ಹಿತ್ತಲ ಬಾಗಲಾಗ ಕರೀತಾರೇನು? ಅಂದ ಜಾಗದಾಗ ಬಂದು ಅಲ್ಲ ಅನ್ರಿ ಅಂತ ಹೇಳು.” ಗೌಡರು ನಾಲ್ಕು ದಿನ ಸಬೂಬು ಹೇಳಿದರು, ಜೀಪಿಗೆ ಡೀಸೆಲ್ ಇಲ್ಲ, ಮೀಟಿಂಗ್ ಇದೆ, ಸೊಂಟ ನೋವು ಎಂದು. ನಾನು ದಿನಾ ಆ ಗ್ರಾಫನ್ನು ಅವರ ಟಿಫಿನ್ ಡಬ್ಬಿಯ ಕೆಳಗೆ ಇಡುತ್ತಾ ಬಂದೆ. ಕೊನೆಗೆ ಹೊರಟರು.

ಮತ್ತೆ ಡೈರಿಯ ಮುಂದೆ ಅದೇ ಜನ. ನಾನು ಹೊಸ ಗ್ರಾಫನ್ನು ಗೋಡೆಗೆ ಅಂಟಿಸಿ, ಖಾಲಿ ಬಿದ್ದ ಜಾಗದ ತಾರೀಖು ಓದಿದೆ. ಯಾರಿಗೂ ಏನೂ ಅನ್ನಿಸಲಿಲ್ಲ. ತಾರೀಖು ಯಾರಿಗೆ ನೆನಪಿರುತ್ತದೆ? ಉಚ್ಚೆಂಗಮ್ಮ ಬೆರಳು ಮಡಿಚಿ ಏನೋ ಎಣಿಸಿದಳು. ಆಮೇಲೆ ರುಮಾಲಿನ ಹಿರಿಯರ ಕಡೆ ತಿರುಗಿದಳು.

“ದೊಡ್ಡಪ್ಪಾರ, ಆವತ್ತು ನಿಮ್ಮ ಮನಿಯಾಗ ಏನಿತ್ತು?”

“ಏನಿತ್ತು?”

“ನಿಮ್ಮ ಮೊಮ್ಮಗನ್ನ ತೊಟ್ಲಿಗೆ ಹಾಕಿದ ದಿನ ಅಲ್ಲೇನ್ರಿ ಅದು? ಹರಪನಹಳ್ಳಿಯಿಂದ ಮೈಕ್ ಸೆಟ್ ತರಿಸಿದ್ರಿ. ಯಾಕ ಹಾಡಲಿಲ್ಲ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. “ಹೌದಲೇ! ಗ್ಯಾಸ್‌ಲೈಟ್ ಬೆಳಕಿನಾಗ ಉಂಡ್ವಿ. ನನ್ನ ಎಲಿಗೆ ಎರಡು ಸಲ ಸಾರು ಹಾಕಿದ್ರು, ಪಾಯಸ ಬರಲೇ ಇಲ್ಲ!” ಅಂದ ಒಬ್ಬ. ಮೈಕಿನವನು ಸುಮ್ಮನೆ ಕೂತು ಉಂಡು ಹೋಗಿದ್ದು, ಹಿರಿಯರು ರಾತ್ರಿಯೆಲ್ಲ ಕರೆಂಟಿನವರ ಏಳು ತಲೆಮಾರು ಜಾಲಾಡಿದ್ದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಇಡೀ ಊರು ಆ ಕತ್ತಲಲ್ಲಿ ಕೂತು ಉಂಡಿತ್ತು. ಅದೇ ಊರು ಗೆರೆ ನೋಡಿ ಕತ್ತಲೇ ಇರಲಿಲ್ಲ ಅಂದಿತ್ತು! ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

“ಕರೆಂಟ್ ಹೋದ್ರ ಹಾಕಾಕ ಜನರೇಟರ್ ಕೊಡ್ತೀವಿ ಅಂದಿದ್ರಲ್ಲ, ಎಲ್ಲೈತ್ರಿ ಸಾಹೇಬ್ರ?” ಎಂದು ಇನ್ನೊಬ್ಬ ಕೇಳಿದ. ಗೌಡರು ಆಕಾಶ ನೋಡಿದರು. ಆಮೇಲೆ ಕರವಸ್ತ್ರ ಬಾಯಿಗೆ ಹಿಡಿದು ಏನೋ ಗೊಣಗಿದರು.

“ಕೇಳಲಿಲ್ರಿ,” ಅಂದಳು ಉಚ್ಚೆಂಗಮ್ಮ. “ಈಗ ಕರೆಂಟ್ ಐತಿ, ಮೈಕ್ ತರಿಸಲೇನು?”

ಗೌಡರು ಕರವಸ್ತ್ರ ತೆಗೆದರು. “ಉಚ್ಚೆಂಗಮ್ಮ ನೀರು ಹಾಕಿಲ್ಲ. ತಪ್ಪು ನಮ್ಮ ಗ್ರಾಫಿಂದು. ನಾನು ಆಡಿದ್ದೂ ತಪ್ಪು,” ಅಂದರು. ಗಟ್ಟಿಯಾಗಿಯೇ ಅಂದರು. ದೊಡ್ಡ ಮನುಷ್ಯ, ಅಷ್ಟು ಒಪ್ಪಲೇಬೇಕು. ಉಚ್ಚೆಂಗಮ್ಮ ಕೀಲಿ ಈಸಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಲಿನ ಹೊತ್ತಾಗಿತ್ತು, ಬೀಗ ತೆಗೆದಳು, ಜನ ಕ್ಯಾನು ಹಿಡಿದು ಸಾಲು ನಿಂತರು.

ಎಲ್ಲರಿಗಿಂತ ಮುಂದೆ ನಿಂತವರು ರುಮಾಲಿನ ಹಿರಿಯರೇ. ತಾವು ಕೂಗಾಡಿದ್ದನ್ನು ಮರೆಸಬೇಕಲ್ಲ, ನಗುನಗುತ್ತಾ ಕ್ಯಾನು ಮುಂದಿಟ್ಟರು. ನಾನು ಬಾಗಿಲ ಒಳಗೆ ಪೆಟ್ಟಿಗೆಯ ಹತ್ತಿರ ಕೇಬಲ್ ಸುತ್ತುತ್ತಿದ್ದೆ. ಉಚ್ಚೆಂಗಮ್ಮ ಹಾಲು ತೆಗೆದು ಲ್ಯಾಕ್ಟೋಮೀಟರ್ ಬಿಟ್ಟಳು, ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ಹಿಂದೆ ಊರೇ ನಿಂತಿತ್ತು. ಈಗ ಐತಿ ನೋಡು ಹಬ್ಬ, ಅಂದುಕೊಂಡೆ ನಾನು.

ಆಕೆ ಕ್ಯಾನಿನ ಮುಚ್ಚಳ ಹಾಕಿ, ಹಿರಿಯರ ಕಿವಿಯ ಹತ್ತಿರ ಬಾಗಿ, ಸಾಲಿನವರಿಗೆ ಕೇಳದ ಹಾಗೆ ಅಂದಳು: “ದೊಡ್ಡಪ್ಪಾರ, ಇದರಾಗ ನೀರೈತಿ. ಇವತ್ತು ಮನಿಗೆ ಒಯ್ಯಿರಿ. ನಾನು ಯಾರ ಮುಂದೂ ಹೇಳಂಗಿಲ್ಲ.”

ಅವರು ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ಹೊರಗೆ ಹೋದರು. “ಯಾಕ ದೊಡ್ಡಪ್ಪ, ವಾಪಸ್?” ಎಂದು ಸಾಲಿನಲ್ಲಿದ್ದವನೊಬ್ಬ ಕೇಳಿದ. “ಮೊಮ್ಮಗನಿಗೆ ಬೇಕಂತಪ್ಪಾ,” ಎಂದು ಒಳಗಿನಿಂದ ಉಚ್ಚೆಂಗಮ್ಮನೇ ಉತ್ತರ ಕೊಟ್ಟಳು.

ಆ ಹಿರಿಯರ ಹೆಸರು ನನಗೆ ಚೆನ್ನಾಗಿ ಗೊತ್ತು. ಬರೆಯುವುದಿಲ್ಲ.